ಮಧ್ಯಾಹ್ನದ ಆಟಕ್ಕೆ ಮೂವರು

ನನಗೆ ಫ್ರೆಂಚ್ ಬರುವುದಿಲ್ಲ. ಆದರೂ ಒಂದು ಇಡೀ ಫ್ರೆಂಚ್ ಸಿನಿಮಾವನ್ನು ಅನುವಾದ ಮಾಡಿ ಹೇಳಿದ ಕೀರ್ತಿ ನನಗೂ ಗೆಳತಿ ಶಹನಾಜಳಿಗೂ ಸಲ್ಲಬೇಕು.

ಆರ್ಥಿಕ ಕುಸಿತದ ಆ ಚಳಿಗಾಲದಲ್ಲಿ ನಾವಿಬ್ಬರೂ ಅಮೆರಿಕದ ಆಬರ್ನ್ ಹಿಲ್ಸ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಎಂಜಿನಿಯರುಗಳು. ನನ್ನ ಗಂಡ, ಮಗಳು ಇದ್ದದ್ದು ಅರೋರಾದಲ್ಲಿ. ಪ್ರತಿ ಶುಕ್ರವಾರ ಮುನ್ನೂರು ಮೈಲಿ ಡ್ರೈವ್ ಮಾಡಿ ಮನೆ ಸೇರುವುದು, ಭಾನುವಾರ ಮುಖ ಊದಿಸಿಕೊಂಡು ವಾಪಸ್ ಹೊರಡುವುದು. ಒಂದು ಶುಕ್ರವಾರ ಬೆಳಿಗ್ಗೆ ಮ್ಯಾನೇಜರು ನಮ್ಮಿಬ್ಬರನ್ನೂ ಕರೆದು, "ನಿಮ್ಮನ್ನು ಹೋಗಲು ಬಿಡುತ್ತಿದ್ದೇವೆ" ಎಂದರು. ಕೆಲಸದಿಂದ ತೆಗೆಯುವುದಕ್ಕೆ ಇಲ್ಲಿನವರ ಮರ್ಯಾದೆಯ ಭಾಷೆ ಇದು. ನಾವೇನೋ ಇಷ್ಟು ದಿನ ಬಿಡಿ, ಬಿಡಿ ಎಂದು ಗೋಗರೆಯುತ್ತಿದ್ದ ಹಾಗೆ!

ಮೇಜಿನ ಸಾಮಾನು ತುಂಬಿದ ರಟ್ಟಿನ ಡಬ್ಬಿ ಹಿಡಿದು ಪಾರ್ಕಿಂಗ್ ಲಾಟಿನಲ್ಲಿ ನಿಂತಾಗ ಅಳು ಬರಬೇಕಿತ್ತು. ಬಂದದ್ದು ನಗು. ಒಬ್ಬರ ಮುಖ ಒಬ್ಬರು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮನೆಗೆ ಫೋನ್ ಮಾಡುವ ಧೈರ್ಯ ಮಾತ್ರ ನನಗಿರಲಿಲ್ಲ.

"ಇಷ್ಟ ಲಗೂ ಮನಿಗೆ ಹೋಗಿ ಏನ್ ಹೇಳ್ತಿ? ನಡಿ, ಸಿನಿಮಾ ನೋಡೋಣು," ಎಂದಳು ಹುಬ್ಬಳ್ಳಿಯ ಶಹನಾಜ್.

ಆ ಹೊತ್ತಿಗೆ ಇದ್ದದ್ದು ಒಂದೇ ಆಟ, ಅದೂ ಫ್ರೆಂಚ್ ಸಿನಿಮಾ. ಯುದ್ಧ ಮುಗಿಸಿದ ಸೈನಿಕನೊಬ್ಬ ನಡೆದುಕೊಂಡೇ ಊರಿಗೆ ಮರಳುವ, ಇನ್ನೂರು ವರ್ಷದ ಹಿಂದಿನ ಕಥೆ. ಥಿಯೇಟರಿನಲ್ಲಿ ನಾವಿಬ್ಬರು, ಹಿಂದಿನ ಸಾಲಿನಲ್ಲೊಬ್ಬ ಅಮೆರಿಕನ್ ಅಜ್ಜ, ಅಷ್ಟೇ. ಹತ್ತು ನಿಮಿಷಕ್ಕೆ ಅಜ್ಜ ಮುಂದೆ ಬಾಗಿ, "ಕನ್ನಡಕ ಮರೆತು ಬಂದಿದೀನಿ. ಕೆಳಗೆ ಬರೋ ಇಂಗ್ಲಿಷ್ ಅಕ್ಷರ ಸ್ವಲ್ಪ ಓದಿ ಹೇಳ್ತೀರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಹೊಸ ಕೆಲಸ ಇಷ್ಟು ಬೇಗ ಸಿಕ್ಕಿತಲ್ಲ ಎಂದು ಇಬ್ಬರೂ ಅವರ ಅಕ್ಕಪಕ್ಕ ಹೋಗಿ ಕೂತೆವು. ಗಂಡಸರ ಮಾತು ನನಗೆ, ಹೆಂಗಸರ ಮಾತು ಶಹನಾಜಳಿಗೆ. ಸೈನಿಕನ ಕುದುರೆ ಸತ್ತಿತು, ದೋಣಿ ಮುಳುಗಿತು, ದಾರಿ ತಪ್ಪಿತು. ನಾವು ಓದುವುದು ಬಿಟ್ಟು ಅವನಿಗೇ ಬುದ್ಧಿ ಹೇಳತೊಡಗಿದೆವು. "ಏ ಹುಚ್ಚಪ್ಪ, ಆ ಕಡೆ ಹೋಗಬ್ಯಾಡೋ!" ಎಂದು ಇವಳು ಕೂಗಿದರೆ, ಅಜ್ಜ ಭಾಷೆ ತಿಳಿಯದಿದ್ದರೂ "ಬೇಡ, ಬೇಡ!" ಎಂದು ತಮ್ಮ ಭಾಷೆಯಲ್ಲಿ ದನಿಗೂಡಿಸುತ್ತಿದ್ದರು. ಶತಮಾನ ಯಾವುದಾದರೇನು, ಮನೆ ಕಡೆ ಹೊರಟವನಿಗೆ ಎಲ್ಲರೂ ನೆಂಟರೇ.

ಕೊನೆಗೂ ಅವನು ಮನೆಯ ಬಾಗಿಲು ತಟ್ಟಿದ. ಹೆಂಡತಿ ಬಾಗಿಲು ತೆರೆದು ಏನೋ ಅಂದಳು. ನಮ್ಮಿಬ್ಬರ ಕಣ್ಣೂ ಮಂಜಾಗಿ ಅಕ್ಷರವೇ ಕಾಣಲಿಲ್ಲ.

"ಏನಂದಳು? ಏನಂದಳು?" ಅಜ್ಜನಿಗೆ ಆತುರ.

ಶಹನಾಜ್ ಮೂಗು ಒರೆಸಿಕೊಳ್ಳುತ್ತ, "ಎಷ್ಟ ಸೊರಗೀಯೋ ಮಾರಾಯ, ಒಳಗ ಬಾ ಅಂದ್ಲು," ಎಂದಳು. ಅಜ್ಜ "ಆಹಾ!" ಎಂದು ತಲೆದೂಗಿದರು. ಅನುವಾದ ಆಗಿದ್ದು ಹುಬ್ಬಳ್ಳಿ ಕನ್ನಡಕ್ಕೆ ಎಂದು ನಮಗೆ ಹೊಳೆದದ್ದು ದೀಪ ಹತ್ತಿದ ಮೇಲೆ.

ಹೊರಗೆ ಬಂದವಳೇ ಕಾರಿನಲ್ಲಿ ಕೂತು ಮನೆಗೆ ಫೋನ್ ಮಾಡಿದೆ. "ರೀ, ಕೆಲಸ ಹೋಯ್ತು."

ಆ ಕಡೆಯಿಂದ ಗಂಡನ ದನಿ: "ಹಾಗಾದ್ರೆ ಭಾನುವಾರ ನೀನು ವಾಪಸ್ ಹೋಗಲ್ವಾ?"

"ಇಲ್ಲ."

"ನಿಜವಾಗ್ಲೂ?" ಎಂದು ಕೇಳಿ, ಫೋನ್ ಕೈಯಲ್ಲೇ ಇರುವುದನ್ನೂ ಮರೆತು ಮಗಳಿಗೆ ಕೂಗಿ ಹೇಳಿದರು. ಅವಳು "ಯೇ!" ಎಂದು ಕಿರುಚಿದ್ದು ನನ್ನ ಕಿವಿ ತುಂಬಿತು.

ಮುನ್ನೂರು ಮೈಲಿಯೂ ಗಟ್ಟಿಯಾಗಿ ಹಾಡಿಕೊಂಡು ಡ್ರೈವ್ ಮಾಡಿದೆ. ಚಿಂತೆ ಮಾಡಲಿಲ್ಲವೇ ಎಂದು ಕೇಳಬೇಡಿ. ಅದಕ್ಕೂ ನಮ್ಮ ಮನೆಯ ವಿಳಾಸ ಗೊತ್ತಿತ್ತು. ಸೋಮವಾರ ಬೆಳಿಗ್ಗೆ ತಾನಾಗಿಯೇ ಬಂತು. ಅದನ್ನು ನಾನೇ ಕಾರಿನಲ್ಲಿ ಕೂರಿಸಿಕೊಂಡು ಹೋಗಲಿಲ್ಲ, ಅಷ್ಟೇ.