ನೆಗೆಣ್ಣಿಯ ಮೇಲಿನ ಹೊಟ್ಟೆಕಿಚ್ಚು, ಒಲೆ ಮುಂದಿನ ಇಂಗ್ಲಿಷು

"ಐ ಹ್ಯಾವ್ ಟರ್ನ್ಡ್ ಇಟ್ ಓವರ್!"

ಬೀದರಿನ ಮೈಲೂರಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹಂಚಿನ ಮೇಲಿನ ಜೋಳದ ರೊಟ್ಟಿಯನ್ನು ಬರಿಗೈಯಲ್ಲೇ ತಿರುವಿಹಾಕಿ ಅನುಸೂಯಾಬಾಯಿ ಕೂಗುತ್ತಾರೆ. ಎದುರು ಮಣೆ ಹಾಕಿಕೊಂಡು ಕೂತ ಪಕ್ಕದ ಮನೆಯ ನಾಹೀದ ಅಷ್ಟಕ್ಕೇ ಬಿಡುವ ಹುಡುಗಿಯಲ್ಲ. "ಬೆಂದ ಮ್ಯಾಲ, ಮೌಶಿ?" "ಐ ಹ್ಯಾವ್ ಟೇಕನ್ ಇಟ್ ಆಫ್!" "ಹಿಟ್ಟು ಮುಗೀತು?" "ದ ಫ್ಲೌರ್ ಹ್ಯಾಜ್... ಹ್ಯಾಜ್... ತಡೀ ಮಾ, ರೊಟ್ಟಿ ಸೀದು ಹೋಗ್ತದ!" "ರನ್ ಔಟ್, ಮೌಶಿ, ರನ್ ಔಟ್!" ಇಬ್ಬರೂ ನಗುತ್ತಾರೆ.

ಬಸ್ ನಿಲ್ದಾಣದ ಹತ್ತಿರದ ಖಾನಾವಳಿಗಳಿಗೆ ದಿನಾ ಇನ್ನೂರು ರೊಟ್ಟಿ ಹೋಗುವುದು ಈ ಒಲೆಯಿಂದಲೇ. ಔರಾದ ತಾಲೂಕಿನ ಠಾಣಾ ಕುಶನೂರಿನಲ್ಲಿ ಹುಟ್ಟಿದ ಅನುಸೂಯಾಬಾಯಿ ಏಳನೆಯ ತರಗತಿಗೇ ಸಾಲಿ ಬಿಟ್ಟು ತೊಗರಿ ಹೊಲಕ್ಕೆ ಇಳಿದವರು. ಗಂಡ ಗಂಜಿನ ಕಾಳುಪೇಟೆಯಲ್ಲಿ ಹಮಾಲ. ನಾಹೀದ ಬಿ.ಎಡ್. ಓದುತ್ತಾಳೆ, ಇಂಗ್ಲಿಷ್ ಪಾಠಕ್ಕೆ ಅವಳ ಫೀ ಮನೆಮಂದಿಗೆಲ್ಲ ಬಿಸಿ ರೊಟ್ಟಿ. ಕೈ ಮಾಡಿದ್ದನ್ನು ಬಾಯಿ ಹೇಳಬೇಕು, ಇಷ್ಟೇ ಇವರ ಪಾಠದ ಪದ್ಧತಿ.

ವಿದ್ಯೆಯ ಹಂಬಲ, ಜ್ಞಾನದಾಹ ಎಂದೆಲ್ಲ ಹೊಗಳಲು ಹೋದರೆ ಅನುಸೂಯಾಬಾಯಿಗೆ ಸಿಟ್ಟು ಬರುತ್ತದೆ. "ಎಲ್ಲಿ ಹಂಬಲರಿ? ಹೊಟ್ಟಿಕಿಚ್ಚು! ಸುಳ್ಳ ಯಾಕ ಹೇಳ್ಲಿ? ನಮ್ಮ ನೆಗೆಣ್ಣಿ ಮೀರಾಬಾಯಿ ಅದಾಳಲ್ಲ, ಮೈದುನನ ಹೆಂಡ್ತಿ, ಭಾಲ್ಕಿದಾಗ ಟೀಚರ್, ಆಕಿನ್ನ ನೋಡಿದ್ರ ಮೈಯೆಲ್ಲ ಉರೀತದರಿ."

ಉರಿಯದೆ ಏನು? ಹೋದ ವರ್ಷ ಮಗಳು ಈಶ್ವರಿಯ ಇಂಗ್ಲಿಷ್ ಶಾಲೆಯಲ್ಲಿ ಪಾಲಕರ ಸಭೆ. ಸೀರೆ ಉಟ್ಟು ತಯಾರಾಗಿ ನಿಂತ ತಾಯಿಗೆ ಮಗಳು ಮುಖ ಕೊಡದೆ ಹೇಳಿದಳು. "ಅವ್ವಾ, ನೀ ಬ್ಯಾಡ. ಕಾಕು ಬರ್ಲಿ. ಆಕಿಗಿ ಇಂಗ್ಲಿಷ್ ಬರ್ತದ." ಭಾಲ್ಕಿಯಿಂದ ಮೀರಾಬಾಯಿ ಬಂದಳು, ಪಟಪಟ ಮಾತಾಡಿದಳು. ಶಾಲೆಯ ಮೇಡಂ ಅವಳನ್ನೇ ಈಶ್ವರಿಯ ತಾಯಿ ಎಂದುಕೊಂಡರು. ಅವಳೂ ಅಲ್ಲ ಎನ್ನಲಿಲ್ಲ, ಮಗಳೂ ಎನ್ನಲಿಲ್ಲ. ಮನೆಗೆ ಬಂದು ಅದನ್ನೇ ನಗೆಯ ಮಾತು ಮಾಡಿ ಹೇಳಿದರು. "ಹೆತ್ತಕಿ ನಾ. ತಾಯಿ ಆಕಿ ಆದಳು. ಅವತ್ತು ನಂಗ ಊಟ ಸೇರಲಿಲ್ಲರಿ," ಎನ್ನುವಾಗ ಅನುಸೂಯಾಬಾಯಿ ಹಿಟ್ಟಿನ ಮುದ್ದೆಯನ್ನು ಬಡಿಯುವ ರಭಸಕ್ಕೆ ಹಿಟ್ಟು ನಾದುವ ಕೊಣಮಿಗೆಯೇ ಅಲುಗಾಡುತ್ತದೆ. ಮರುದಿನವೇ ನಾಹೀದಳ ಬಾಗಿಲು ತಟ್ಟಿದರು.

ಕಳೆದ ಶನಿವಾರ ಮತ್ತೆ ಸಭೆ. ಅನುಸೂಯಾಬಾಯಿ ತಾವೇ ಭಾಲ್ಕಿಗೆ ಫೋನ್ ಹಚ್ಚಿ, "ಈ ಸಲ ನೀ ಬರಬ್ಯಾಡವ್ವ, ನಾನೇ ಹೋಗ್ತೇನಿ," ಎಂದುಬಿಟ್ಟರು. ಈಶ್ವರಿ ಮುಖ ಊದಿಸಿಕೊಂಡು ನಾಲ್ಕು ಹೆಜ್ಜೆ ಮುಂದೆಯೇ ನಡೆದಳು.

ಮೇಡಂ ಕುರ್ಚಿ ತೋರಿಸಿ ಇಂಗ್ಲಿಷಿನಲ್ಲಿ ಏನೋ ಕೇಳಿದರು. ಅನುಸೂಯಾಬಾಯಿಗೆ ಪ್ರಶ್ನೆಯೇನೋ ತಿಳಿಯಿತು. ಕೈ ಖಾಲಿ ಇತ್ತಲ್ಲ! ಒಲೆಯಿಲ್ಲದೆ, ಹಿಟ್ಟಿಲ್ಲದೆ ಅವರ ನಾಲಿಗೆ ಎಂದೂ ಇಂಗ್ಲಿಷ್ ಆಡಿದ್ದೇ ಇಲ್ಲ. ಮಗಳು ತಲೆ ತಗ್ಗಿಸಿದಳು. ಆಗ ಅನುಸೂಯಾಬಾಯಿ ಎರಡೂ ಅಂಗೈಗಳನ್ನು ಮೇಡಂರ ಮೇಜಿನ ಮೇಲಿಟ್ಟು, ಇಲ್ಲದ ರೊಟ್ಟಿಯನ್ನು ಬಡಿಯತೊಡಗಿದರು. ಪಟ್ ಪಟ್ ಪಟ್. ಬಾಯಿ ಬಿಚ್ಚಿಕೊಂಡಿತು. ಮಗಳು ಎಷ್ಟು ಹೊತ್ತಿಗೆ ಏಳುತ್ತಾಳೆ, ಲೆಕ್ಕ ಎಲ್ಲಿ ಕೈಕೊಡುತ್ತದೆ, ಎಲ್ಲ ಹೇಳಿದರು. ತಪ್ಪು ಬೇಕಾದಷ್ಟಿದ್ದವು, ನಿಲ್ಲಲಿಲ್ಲ. ಅಕ್ಕಪಕ್ಕದ ಪಾಲಕರು ತಿರುಗಿ ನೋಡಿದರೂ ಕೈ ನಿಲ್ಲಿಸಲಿಲ್ಲ. ಮೇಡಂ ತಬ್ಬಿಬ್ಬಾಗಿ, ಹಾಗಾದರೆ ಹೋದ ವರ್ಷ ಬಂದವರು ಯಾರು ಎಂದರು.

"ಶಿ ಈಜ್ ಆಂಟಿ. ಐ ಆಮ್ ಮದರ್. ಐ ಹ್ಯಾವ್ ಕಮ್."

ಹೊಟ್ಟೆಕಿಚ್ಚು ಆರಿತೇ? "ಎಲ್ಲಿಂದರಿ! ಮೀರಾಬಾಯಿ ಇನ್ನೂ ಚೊಲೋ ಮಾತಾಡ್ತಾಳ. ಉರಿ ಅದ, ಇರ್ತದ," ಎಂದು ಅನುಸೂಯಾಬಾಯಿ ಕೊನೆಯ ರೊಟ್ಟಿಯನ್ನು ಬುಟ್ಟಿಗೆ ಹಾಕಿ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಸಭೆಯಂದು ಆಟೋದಲ್ಲಿ ಮನೆ ಮುಟ್ಟಿ ಇಳಿಯುವಾಗ ಈಶ್ವರಿ ಬೈದಳಂತೆ. ಆ ಬೈಗುಳವನ್ನು ಹೇಳುವಾಗ ಮಾತ್ರ ಅವರ ದನಿ ಮೆತ್ತಗಾಗುತ್ತದೆ.

"'ಮುಂದಿನ ಸಲ ಕೈ ಆಡಸಬ್ಯಾಡ ಅವ್ವಾ, ಎಲ್ಲಾರೂ ನೋಡ್ತಾರ' ಅಂದಳ್ರಿ. ಕೇಳಿದಿರಿಲ್ಲ? ಮುಂದಿನ ಸಲ ಅಂದಾಳ."