ಬಾಯಿಬಿಟ್ಟು ಬರೆದ ಪರೀಕ್ಷೆ

ನಾನು ನಿಂತಿದ್ದದ್ದು ಇಲಕಲ್ಲಿನ ಒಂದು ಕನ್ನಡ ಶಾಲೆಯ ದೊಡ್ಡ ಕೋಣೆಯಲ್ಲಿ, ಕಿಟಕಿ ಕಡೆಯ ಸಾಲಿನ ನಾಲ್ಕನೆಯ ಬೆಂಚಿನ ಹತ್ತಿರ. ಎರಡನೆಯ ಮಹಾಯುದ್ಧ ಶುರುವಾದ ಮೇಲಿನ ಎರಡನೆಯ ಬೇಸಿಗೆ ಅದು. ಮುಲ್ಕಿ ಪರೀಕ್ಷೆಯ, ಅಂದರೆ ಕನ್ನಡ ಏಳನೆಯ ತರಗತಿಯ ಕೊನೆಯ ಪರೀಕ್ಷೆಯ ಎರಡನೆಯ ದಿನ, ಲೆಕ್ಕದ ಪತ್ರಿಕೆ. ಹನ್ನೊಂದರ ಗಂಟೆ ಬಾರಿಸಿ ಅರ್ಧ ತಾಸು ಆಗಿರಬೇಕು. ಹೆಡ್ ಮಾಸ್ತರರು ಒಳಗೆ ಬಂದರೆಂದು ಎಲ್ಲರೂ ಎದ್ದು ನಿಂತಿದ್ದೆವು. ನನಗೆ ಆಗ ಹದಿಮೂರು ವರ್ಷ. ನನ್ನ ಮುಂದಿನ ಬೆಂಚಿನಲ್ಲಿ ಮಸಿಯಲ್ಲಿ ಅದ್ದಿ ಬರೆಯುವ ಟಾಕು ಹಿಡಿದು ನಿಂತಿದ್ದವರು ನನಗೆ ಅಕ್ಷರ ಕಲಿಸಿದ ಅಯ್ಯನವರು. ಅವರಿಗೆ ಐವತ್ತು ದಾಟಿತ್ತು. ಅವರೂ ನಮ್ಮ ಹಾಗೆಯೇ ಪರೀಕ್ಷೆಗೆ ಕೂತವರು. ಟಾಕಿನ ತುದಿಯಿಂದ ಮಸಿ ಧೋತರದ ಮೇಲೆ ಬೀಳುತ್ತಿತ್ತು. ಅದು ಅವರಿಗೆ ಗೊತ್ತಾಗಲಿಲ್ಲ.

ಅವರು ಅಲ್ಲಿಗೆ ಹೇಗೆ ಬಂದರೆಂಬುದನ್ನು ಮೊದಲು ಹೇಳಬೇಕು.

ನಮ್ಮದು ಹನುಮಸಾಗರದ ಹತ್ತಿರದ ಒಂದು ಸಣ್ಣ ಹಳ್ಳಿ. ಈ ಕಡೆ ನಿಜಾಮರ ರಾಜ್ಯ, ಕೆಲವು ಹರದಾರಿ ನಡೆದರೆ ಇಂಗ್ಲಿಷರ ಮುಂಬೈ ಇಲಾಖೆ. ಕುಷ್ಟಗಿಯ ಸರಕಾರಿ ಶಾಲೆಯಲ್ಲಿ ಕಲಿಸುವುದು ಉರ್ದುವಿನಲ್ಲಿ. ನಮ್ಮ ಊರಿನಲ್ಲಿ ಅದೂ ಇರಲಿಲ್ಲ. ಇದ್ದದ್ದು ಹಣಮಪ್ಪನ ಗುಡಿಯ ಪೌಳಿಯಲ್ಲಿ ಅಯ್ಯನವರು ನಡೆಸುತ್ತಿದ್ದ ಖಾಸಗಿ ಸಾಲಿ. ಇಪ್ಪತ್ತು ಮಕ್ಕಳು, ಮುಂದೆ ಹರವಿದ ಮರಳು, ಅದರ ಮೇಲೆ ಬೆರಳು. ಅಲ್ಲಿ ಎಲ್ಲವೂ ಬಾಯಿಯಿಂದ ನಡೆಯುತ್ತಿತ್ತು. ಅಕ್ಷರ ತಿದ್ದುವಾಗ ಅಕ್ಷರವನ್ನು ಕೂಗಬೇಕು. ಲೆಕ್ಕ ಮಾಡುವಾಗ ಮಗ್ಗಿ ಹೇಳಬೇಕು. ಒಂದರಿಂದ ಮೂವತ್ತರವರೆಗೆ, ಅಷ್ಟೇ ಅಲ್ಲ, ಪಾವಿನ ಮಗ್ಗಿ, ಅರ್ಧದ ಮಗ್ಗಿ, ಮುಪ್ಪಾವಿನ ಮಗ್ಗಿ. ಪಾವೆಂದರೆ ಕಾಲು, ಮುಪ್ಪಾವೆಂದರೆ ಮುಕ್ಕಾಲು. ಸುಮ್ಮನೆ ಕೂತವನು ಕಲಿಯುತ್ತಿಲ್ಲ ಎಂದೇ ಅರ್ಥ, ಬೆತ್ತ ಬೀಳುತ್ತಿತ್ತು. ನನ್ನಪ್ಪ ಗೌಡರ ಹೊಲದಲ್ಲಿ ದುಡಿಯುತ್ತಿದ್ದ. ಗಾಳಿ ಆ ಕಡೆ ಬೀಸಿದ ದಿನ ನಮ್ಮ ಧ್ವನಿ ಅವನಿಗೆ ಕೇಳುತ್ತಿತ್ತಂತೆ. ಕೇಳಿದರೆ ಮಗ ಕಲಿಯುತ್ತಿದ್ದಾನೆ ಎಂಬ ಸಮಾಧಾನ.

ಪರೀಕ್ಷೆಯ ಹಿಂದಿನ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಕುಷ್ಟಗಿಯಿಂದ ಶಾಲೆಗಳ ತಪಾಸಣೆಯ ಸಾಹೇಬರು ಬಂದರು. ಕೆಟ್ಟವರಲ್ಲ. ಪೌಳಿಯಲ್ಲಿ ಕೂತು ಮಜ್ಜಿಗೆ ಕುಡಿದರು, ಮಗ್ಗಿ ಕೇಳಿ ತಲೆದೂಗಿದರು. ಆಮೇಲೆ ಅಯ್ಯನವರ ಸರ್ಟಿಫಿಕೇಟು ಕೇಳಿದರು. ಇರಲಿಲ್ಲ. ಖಾಸಗಿ ಸಾಲಿಗೆ ಇಜಾಜತು, ಅಂದರೆ ಸರಕಾರದ ಪರವಾನಗಿ ಬೇಕು, ಇಜಾಜತಿಗೆ ಪಾಸಾದ ಮಾಸ್ತರ ಬೇಕು ಎಂದರು. ಇಂಗ್ಲಿಷರ ಸೀಮೆಯಲ್ಲಿ ಬಹಳ ವರ್ಷಗಳಿಂದ ನಡೆದದ್ದು ಈಗ ಇಲ್ಲಿಯೂ ಬಂದಿದೆ, ತಾವೇನೂ ಮಾಡುವಂತಿಲ್ಲ, ಆ ಕಡೆಯ ಮುಲ್ಕಿ ಸರ್ಟಿಫಿಕೇಟು ತಂದರೂ ನಡೆಯುತ್ತದೆ, ಬರುವ ಮಳೆಗಾಲದೊಳಗೆ ತರದಿದ್ದರೆ ಸಾಲಿ ಮುಚ್ಚಬೇಕಾಗುತ್ತದೆ ಎಂದು ನಿಧಾನವಾಗಿ ತಿಳಿಸಿ ಹೇಳಿದರು.

ಆ ರಾತ್ರಿ ಅಯ್ಯನವರ ಮನೆಯಲ್ಲಿ ಆದ ಮಾತನ್ನು ಅವರ ಹೆಂಡತಿ ಮುಂದೆ ನನ್ನ ಅವ್ವನಿಗೆ ಹೇಳಿದ್ದರು. "ಈ ವಯಸ್ಸಿನ್ಯಾಗ ಹುಡುಗರ ಜೋಡಿ ಕುಂದ್ರತೀರೇನು? ಮಂದಿ ನಗತಾರ" ಎಂದಿದ್ದರಂತೆ ಆಕೆ. "ನಗಲಿ. ಸಾಲಿ ಉಳಿದ್ರ ಸಾಕು" ಎಂದಿದ್ದರಂತೆ ಇವರು.

ಖಾಸಗಿಯಾಗಿ ಪರೀಕ್ಷೆಗೆ ಕೂಡಲು ಆ ಕಡೆ ಅವಕಾಶವಿತ್ತು. ಅಯ್ಯನವರ ಅರ್ಜಿಯ ಜೊತೆಗೆ ನನ್ನದು ಮತ್ತು ಕುಂಬಾರರ ಮನೆಯ ನನ್ನ ಗೆಳೆಯನದು ಹೋದವು. ಇಲಕಲ್ಲಿನಿಂದ ಪುಸ್ತಕ ತರಿಸಿದೆವು. ಗುರುವೂ ಶಿಷ್ಯರೂ ಒಂದೇ ಪುಸ್ತಕದ ಸುತ್ತ ಕೂತು ಓದಿದೆವು. ಅಯ್ಯನವರಿಗೆ ಕಷ್ಟವಾದದ್ದು ಕಾಗದ. ಮರಳಿನಲ್ಲಿ ಬರೆದ ಬೆರಳು. ಮೊದಮೊದಲು ಅವರ ಒಂದು ಸಾಲು ಅರ್ಧ ಹಾಳೆ ಹಿಡಿಯುತ್ತಿತ್ತು. ಒತ್ತಿ ಬರೆದು ನಿಬ್ಬು ಮುರಿಯುತ್ತಿದ್ದರು. ದೀಪಾವಳಿಯಿಂದ ಸಂಕ್ರಾಂತಿಯ ಹೊತ್ತಿಗೆ ಅಕ್ಷರ ಸಣ್ಣವಾದವು. ಇಷ್ಟೆಲ್ಲ ಮಾಡಿದೆವು, ಆದರೆ ಮೂವರೂ ಬಾಯಿಬಿಟ್ಟೇ ಓದಿದೆವು, ಬಾಯಿಬಿಟ್ಟೇ ಬರೆದೆವು. ಪರೀಕ್ಷೆಯೆಂದರೆ ಮೂರು ತಾಸು ಸದ್ದಿಲ್ಲದೆ ಕೂಡುವುದು ಎಂದು ನಮಗೆ ಯಾರೂ ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ. ಕಲಿಯುವ ಜಾಗ ಮೌನವಾಗಿರುತ್ತದೆ ಎಂಬುದು ನಮಗೆ ಹೊಳೆಯುವ ಮಾತೇ ಆಗಿರಲಿಲ್ಲ.

ಮೊದಲ ದಿನ ಶಾಲೆಯ ಬಾಗಿಲಲ್ಲಿ ಆ ಊರಿನ ಒಬ್ಬ ಹುಡುಗ, "ಮುತ್ಯಾ, ಮೊಮ್ಮಗನ್ನ ಬಿಡಾಕ ಬಂದೀರೇನ್ರಿ?" ಎಂದ.

"ಇಲ್ಲಪಾ, ನಿನ್ನ ಬಾಜೂಕ ಕುಂದ್ರಾಕ ಬಂದೀನಿ" ಎಂದರು ಅಯ್ಯನವರು. ಸುತ್ತಲಿದ್ದವರು ನಕ್ಕರು. ಅವರೂ ನಕ್ಕರು.

ಒಳಗೆ ಬೆಂಚುಗಳ ಮೇಲೆ ನಂಬರಿನ ಚೀಟಿ ಅಂಟಿಸಿದ್ದರು. ನಮ್ಮ ಊರ ಗುಡಿಯ ಪೌಳಿಯಲ್ಲಿ ಯಾರ ಮಗ ಎಲ್ಲಿ ಕೂಡಬೇಕೆಂಬುದು ಅವನು ಹುಟ್ಟುವ ಮೊದಲೇ ಗೊತ್ತಿರುತ್ತಿತ್ತು. ನಾನು ಐದು ವರ್ಷ ಕೂತದ್ದು ಕಟ್ಟೆಯ ಕೆಳಗೆ, ಬಿಸಿಲಿನಲ್ಲಿ. ಅಯ್ಯನವರು ಒಳ್ಳೆಯವರು, ಆದರೂ ಅದನ್ನು ಮುರಿದಿರಲಿಲ್ಲ. ಇಲ್ಲಿ ನನ್ನ ನಂಬರು ಅವರ ನಂಬರಿನ ನಂತರದ್ದು, ಹಾಗಾಗಿ ನನ್ನ ಬೆಂಚು ಅವರ ಬೆಂಚಿನ ಹಿಂದಿನದು. ಅಷ್ಟೇ ಕಾರಣ. ಇಂಗ್ಲಿಷರು ಇದನ್ನು ನಮ್ಮ ಮೇಲಿನ ಪ್ರೀತಿಯಿಂದ ಮಾಡಿದರೆಂದು ನಾನು ಹೇಳಲಾರೆ. ಅವರ ಕಚೇರಿಗಳಿಗೆ ಬರೆಯುವ ಕೈಗಳು ಬೇಕಿದ್ದವು. ಆದರೆ ಆ ಬೆಂಚಿನ ಮೇಲೆ ಕೂತಾಗ ನನಗೆ ಅನಿಸಿದ್ದನ್ನು ಸುಳ್ಳೆನ್ನಲೂ ಆರೆ.

ಭಾಷೆಯ ಪತ್ರಿಕೆಯನ್ನು ಅಯ್ಯನವರು ತುಟಿ ಅಲುಗಿಸುತ್ತಲೇ ಹೇಗೋ ಮುಗಿಸಿದರು. ಮರುದಿನ ಲೆಕ್ಕ. ಮೊದಲ ಲೆಕ್ಕಕ್ಕೇ ಧ್ವನಿ ಹೊರಗೆ ಬಂತು. ಮೇಲ್ವಿಚಾರಣೆಗೆ ಇದ್ದವರು ಒಬ್ಬ ಎಳೆಯ ಮಾಸ್ತರರು. ಹತ್ತಿರ ಬಂದು ಸುಮ್ಮನಿರಲು ಹೇಳಿದರು. ಅಯ್ಯನವರು ಬಾಯಿ ಮುಚ್ಚಿದರು. ಟಾಕೂ ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಶುರು: "ಹದಿನೇಳ ಮುಪ್ಪಾವ್ಲೆ ಹನ್ನೆರಡೂ ಮುಪ್ಪಾವು."

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ನಾನು ಮಾಡುತ್ತಿದ್ದದ್ದೂ ಅದೇ ಲೆಕ್ಕ, ಅದೇ ಜಾಗದಲ್ಲಿ ತಡೆದು ನಿಂತಿದ್ದೆ. ಅವರ ಬಾಯಿಂದ ಬಂದದ್ದನ್ನು ಬರೆದುಕೊಂಡೆ. ಎಳೆಯ ಮಾಸ್ತರರು ನೋಡಿದರು. ನನ್ನೊಬ್ಬನನ್ನೇ ಅಲ್ಲ, ಪಕ್ಕದ ಸಾಲಿನಲ್ಲೂ ಇಬ್ಬರ ಟಾಕು ಅದೇ ಹೊತ್ತಿಗೆ ಓಡಿತ್ತು.

"ಅಜ್ಜಾರ, ನಿಮ್ಮ ಬಾಯಿಂದ ಮಂದಿ ಪಾಸಾಗಾಕ ಹತ್ಯಾರ. ಇನ್ನೊಂದ್ಸಲ ಅಂದ್ರ ಪೇಪರ್ ಕಸಗೊಂಡು ಹೊರಗ ಕಳಸತೀನಿ" ಎಂದರು.

"ಬಾಯಿ ಮುಚ್ಚಿದ್ರ ಲೆಕ್ಕ ನಿಲ್ಲತೈತ್ರಿ" ಎಂದರು ಅಯ್ಯನವರು. ಹಟದ ದನಿಯಲ್ಲ. ತನಗೂ ಈಗಷ್ಟೇ ಗೊತ್ತಾದ ಸಂಗತಿಯೊಂದನ್ನು ಹೇಳುವವರ ಹಾಗೆ ಹೇಳಿದರು.

ಮಾಸ್ತರರು ಹೆಡ್ ಮಾಸ್ತರರನ್ನು ಕರೆತಂದರು. ನಾವು ಎದ್ದು ನಿಂತದ್ದು ಆಗ. ಹೆಡ್ ಮಾಸ್ತರರು ಕರಿ ಕೋಟು, ರುಮಾಲಿನ ಗಂಭೀರ ಮನುಷ್ಯ. ಎಲ್ಲವನ್ನೂ ಕೇಳಿಕೊಂಡರು. ಅಯ್ಯನವರು ಕೈಮುಗಿದು, "ನಾ ಹೊರಗ ಹೋಗಬೇಕೇನ್ರಿ?" ಎಂದರು. ನಮಗೆಲ್ಲ ಬೆತ್ತ ಹಿಡಿದು ಕಲಿಸಿದ ಕೈಗಳು ಅವು. ನಾನು ನೆಲ ನೋಡಿದೆ.

ಹೆಡ್ ಮಾಸ್ತರರು ಕೋಟಿನ ಕಿಸೆಯಿಂದ ಅಚ್ಚಾದ ಒಂದು ತೆಳುವಾದ ಇಂಗ್ಲಿಷ್ ಪುಸ್ತಕ ತೆಗೆದರು. ಪರೀಕ್ಷೆಯ ಕಾಯದೆ ಅದರಲ್ಲಿತ್ತು. ನಿಂತಲ್ಲೇ ಓದಿದರು. ಹಾಳೆ ತಿರುವಿ, ಹಿಂದಕ್ಕೆ ಬಂದು ಇನ್ನೊಮ್ಮೆ ಓದಿದರು.

"ಮತ್ತೊಬ್ಬರ ಜೋಡಿ ಮಾತಾಡಬಾರದು ಅಂತ ಐತಿ" ಎಂದರು ಎಳೆಯ ಮಾಸ್ತರರಿಗೆ. "ತನ್ನ ಜೋಡಿ ತಾನು ಮಾತಾಡಬಾರದು ಅಂತ ಎಲ್ಲೂ ಬರದಿಲ್ಲ. ಉಳಿದವರಿಗೆ ಕೇಳಬಾರದು, ಅಷ್ಟ." ಬಾಗಿಲಲ್ಲಿದ್ದ ಜವಾನನಿಗೆ ಬೆಂಚು ತೆಗೆದುಕೊಂಡು ಹೋಗಿ ಬಾವಿಯ ಹತ್ತಿರದ ಬೇವಿನ ಗಿಡದ ಕೆಳಗೆ ಹಾಕಲು, ಯಾರನ್ನೂ ಸಮೀಪ ಬಿಡದೆ ಅಲ್ಲೇ ನಿಲ್ಲಲು ಹೇಳಿದರು. ಅಯ್ಯನವರ ಕಡೆ ತಿರುಗಿ, "ಹೋದ ಹೊತ್ತು ಮಾತ್ರ ಕೊಡಾಕ ಬರೂದಿಲ್ರಿ. ಅದು ಕಾಯದೇದಾಗ ಐತಿ" ಎಂದರು.

ಕಿಟಕಿಯಿಂದ ನನಗೆ ಕಂಡದ್ದು ಇಷ್ಟು. ಅಯ್ಯನವರು ಗಿಡದ ಕೆಳಗೆ ಕೂತರು. ಬಾಯಿ ತೆರೆಯಲಿಲ್ಲ, ಟಾಕೂ ಆಡಲಿಲ್ಲ. ಬಾವಿಯಲ್ಲಿ ನೀರು ಸೇದಲು ಬಂದಿದ್ದ ಹೆಡ್ ಮಾಸ್ತರರ ಸಣ್ಣ ಮಗಳು ಹಗ್ಗ ಹಿಡಿದು ಅವರನ್ನೇ ನೋಡುತ್ತ ನಿಂತಿದ್ದಳು. ಆಗ ಜವಾನ ಬಗ್ಗಿ ಏನೋ ಹೇಳಿದ. ಏನು ಹೇಳಿದನೆಂದು ನನಗೆ ಕೇಳಲಿಲ್ಲ, ಸಂಜೆ ಅಯ್ಯನವರೇ ತಿಳಿಸಿದರು: "ಅನ್ರಿ ಅಯ್ಯಾರ, ಇಲ್ಲಿ ನಾ ಒಬ್ಬಾವನ ಅದೀನಿ. ನನಗ ಲೆಕ್ಕಾ ಬರೂದಿಲ್ಲ."

ಅಯ್ಯನವರ ತಲೆ ಮೆಲ್ಲಗೆ ಅಲುಗತೊಡಗಿತು. ಸದ್ದು ನಮ್ಮವರೆಗೆ ಬರಲಿಲ್ಲ. ನಾನು ನನ್ನ ಕಾಗದಕ್ಕೆ ಮರಳಿದೆ. ಆ ಹನ್ನೆರಡೂ ಮುಪ್ಪಾವನ್ನು ಹೊಡೆದು ಹಾಕಿದೆ. ಹದಿನೇಳನ್ನು ಮೂರರಿಂದ ಗುಣಿಸಿ, ನಾಲ್ಕರಿಂದ ಭಾಗಿಸಿ, ಪುಸ್ತಕದ ರೀತಿಯಲ್ಲಿ ಮತ್ತೆ ಮಾಡಿದೆ. ಅದೇ ಉತ್ತರ ಬಂತು. ಬಂದರೂ ಮಾಡಿದ್ದು ಮಾಡಿದಂತೆಯೇ ಉಳಿಯಿತು, ಇಂದಿಗೂ ಉಳಿದಿದೆ.

ಫಲಿತಾಂಶ ಮಳೆಗೆ ಮುಂಚೆ ಬಂತು. ಹೆಸರುಗಳಿರಲಿಲ್ಲ, ನಂಬರುಗಳಿದ್ದವು. ಮೂವರದೂ ಇದ್ದವು. ಅಯ್ಯನವರು ಸರ್ಟಿಫಿಕೇಟನ್ನು ಬಟ್ಟೆಯಲ್ಲಿ ಸುತ್ತಿ ಕುಷ್ಟಗಿಗೆ ನಡೆದುಕೊಂಡೇ ಹೋದರು. ಸಾಹೇಬರು ಎದ್ದು ಕೂಡಿಸಿ, ಅವತ್ತೇ ಇಜಾಜತು ಬರೆದುಕೊಟ್ಟರಂತೆ. ಸಾಲಿ ಮುಚ್ಚಲಿಲ್ಲ. ಮುಂಗಾರಿನಲ್ಲಿ ಮತ್ತೆ ಮಕ್ಕಳು ಕೂತಾಗ ಎರಡು ಬದಲಾವಣೆ ಕಂಡೆ. ದಿನದ ಕೊನೆಯ ಅರ್ಧ ತಾಸು ಬಾಯಿ ಮುಚ್ಚಿ ಬರೆಯುವ ಅಭ್ಯಾಸ. ಮತ್ತೆ, ಕಟ್ಟೆಯ ಮೇಲೆ ಸುಣ್ಣದಿಂದ ಬರೆದ ನಂಬರುಗಳು. ಗೌಡರ ಮನೆಯಿಂದ ಮಾತು ಬಂತು. ಇಜಾಜತು ಸಿಕ್ಕ ಸಾಲಿಯಲ್ಲಿ ಹೀಗೇ ಕೂಡಿಸಬೇಕು ಎಂದು ಅಯ್ಯನವರು ಉತ್ತರಿಸಿದರು. ಹಾಗೆಂದು ಯಾವ ಕಾಗದದಲ್ಲೂ ಇರಲಿಲ್ಲ. ನನ್ನ ತಮ್ಮ ಕಟ್ಟೆಯ ಮೇಲೆ ಕೂತು ಕಲಿತ. ನಾನು ಮಾಸ್ತರನಾಗಿ ಯಲಬುರ್ಗಿ, ಗಂಗಾವತಿ ತಾಲ್ಲೂಕಿನ ಹಳ್ಳಿಗಳಲ್ಲಿ ದುಡಿದೆ. ಆ ಅನ್ನವನ್ನು ಇವತ್ತಿಗೂ ಪೆನ್ಶನ್ನಿನಲ್ಲಿ ಉಣ್ಣುತ್ತಿದ್ದೇನೆ. ಅಯ್ಯನವರಿಗೂ, ಕಾಯದೆಯನ್ನು ಎರಡು ಸಲ ಓದಿದ ಆ ಹೆಡ್ ಮಾಸ್ತರರಿಗೂ ನನ್ನ ಋಣವಿದೆ.

ಆ ದಿನದ ಪರೀಕ್ಷೆಯನ್ನು ನೋಡಿದವರಲ್ಲಿ ಈಗಲೂ ಇರುವವರು ನನಗೆ ತಿಳಿದ ಮಟ್ಟಿಗೆ ಇನ್ನಿಬ್ಬರು. ನನ್ನ ಜೊತೆ ಕೂತ ಕುಂಬಾರರ ಗೆಳೆಯ ನವಲಿಯಲ್ಲಿ ಮಗಳ ಮನೆಯಲ್ಲಿದ್ದಾನೆ. ಕಿವಿ ಮಂದ, ನೆನಪು ಚೊಕ್ಕ. ಬಾವಿಯ ಹತ್ತಿರ ನಿಂತಿದ್ದ ಹೆಡ್ ಮಾಸ್ತರರ ಮಗಳು ಮದುವೆಯಾಗಿ ಕೊಪ್ಪಳಕ್ಕೆ ಬಂದವರು, ಅಲ್ಲಿನ ಭಾಗ್ಯನಗರದಲ್ಲಿದ್ದಾರೆ. ಗಿಡದ ಕೆಳಗೆ ಅಯ್ಯನವರು ಅಂದ ಮಗ್ಗಿಯನ್ನು ಕಿವಿಯಾರೆ ಕೇಳಿದವರು ನಮ್ಮಲ್ಲಿ ಅವರೊಬ್ಬರೇ.