ಎಮ್ಮೆಗೆ ಒಗ್ಗಿದ ಎಣ್ಣೆ

ನಮ್ಮ ಮನೆಯಲ್ಲಿ ನಿಂಬೆಹುಲ್ಲಿನ ಎಣ್ಣೆಯ ವಾಸನೆ ಸಹಿಸದವರು ಇಬ್ಬರೇ: ನಾನು ಮತ್ತು ಎಮ್ಮೆ. ಮೊದಮೊದಲು ಮುಖ ತಿರುಗಿಸಿದ ಎಮ್ಮೆ ನಾಲ್ಕೈದು ದಿನಗಳಲ್ಲಿ ಹೊಂದಿಕೊಂಡಿತು. ನಾನು ಹೊಂದಿಕೊಳ್ಳಲಿಲ್ಲ.

ಎಣ್ಣೆ ತಂದವಳು ಗಂಗಾವತಿಯ ನಾದಿನಿ, ತನ್ನ ತಾಯಿಯ ಅಂದರೆ ನಮ್ಮ ಅತ್ತೆಯ ಮೊಣಕಾಲು ನೋವಿಗೆಂದು. ಬಾಟಲಿ ಹೆಬ್ಬೆರಳಿನಷ್ಟೇ. ಭಾಗ್ಯನಗರದ ನಮ್ಮ ಓಣಿಗೆ ಹೊರಳಿದರೆ ಸಾಕು, ಅದರ ವಾಸನೆ ಎದುರುಗೊಳ್ಳುತ್ತಿತ್ತು. 'ಎಷ್ಟು ಛಲೋ ವಾಸನಿ ಐತಿ ನೋಡ್ರಿ' ಎಂದು ಬಂದವರೆಲ್ಲ ಹೊಗಳಿದರು. ನನಗೆ ಮಾತ್ರ ಆಗಷ್ಟೇ ಒರೆಸಿದ ಆಸ್ಪತ್ರೆಯ ನೆಲದ ಮೇಲೆ ಕೂತು ರೊಟ್ಟಿ ತಿಂದಂತಾಗುತ್ತಿತ್ತು. ಗಿಣಿಗೇರಾದ ಕಾರ್ಖಾನೆಯ ಹೊಗೆಯಲ್ಲಿ ದಿನವಿಡೀ ನಿಂತು ಬರುವ ಗಂಡ, 'ನನಗೇನೂ ವಾಸನಿ ಬರವಲ್ದು, ನಿನ್ನ ಮೂಗ ಭಾಳ ಚೂಪ ಐತಿ' ಎಂದು ತೀರ್ಪು ಕೊಟ್ಟರು.

ತಕರಾರು ಮಾಡುವ ಹಾಗೂ ಇರಲಿಲ್ಲ. ಹಿತ್ತಲಿನ ಎಮ್ಮೆ ಅತ್ತೆಯದು. ಯಲಬುರ್ಗಾದ ತವರಿನಿಂದ ಕರುವಾಗಿ ಬಂದದ್ದು, ಅವರನ್ನು ಬಿಟ್ಟು ಬೇರೆ ಯಾರೂ ಹಿಂಡಿರಲಿಲ್ಲ. ಗಂಡ ಮೊದಲೇ ಹೇಳಿಬಿಟ್ಟಿದ್ದರು: 'ನೋಡವ್ವಾ, ನಿನಗ ಕುಂತು ಹಿಂಡಾಕ ಆಗದ ದಿನ ಎಮ್ಮಿ ಮಾರೂದು.' ಎಣ್ಣೆ ಹಚ್ಚತೊಡಗಿದ ಮೇಲೆ ಅತ್ತೆ ಒಂದಿಷ್ಟೂ ನರಳದೆ ಕುಕ್ಕರಗಾಲಲ್ಲಿ ಕೂತು ಹಿಂಡುತ್ತಿದ್ದರು. ಅಂಥ ಎಣ್ಣೆಯನ್ನು ಯಾವ ಬಾಯಿಂದ ಬೈಯಲಿ?

ಹಾಗಾಗಿ ನನ್ನ ಮೂಗಿನ ದಾರಿ ನಾನೇ ನೋಡಿಕೊಂಡೆ. ಕೊಬ್ಬರಿ ಎಣ್ಣೆ ಬೆರೆಸಿ ತೆಳುಮಾಡಿದೆ. ಕೊಬ್ಬರಿ ಎಣ್ಣೆಯೂ ಕೆಟ್ಟಿತು. ಮೊಬೈಲಿನಲ್ಲಿ ಯಾರೋ ಹೇಳಿದಂತೆ ಎರಡು ಹನಿ ಲವಂಗದೆಣ್ಣೆ ಸೇರಿಸಿದೆ; ಆಸ್ಪತ್ರೆಗೆ ಹಲ್ಲಿನ ವಿಭಾಗವೂ ಬಂದಂತಾಯಿತು. ಬಾಟಲಿಯನ್ನು ಡಬ್ಬಿಯೊಳಗೆ ಹಾಕಿ ಹಿತ್ತಲಿಗೆ ಗಡಿಪಾರು ಮಾಡಿದರೆ, ವಾಸನೆ ಅತ್ತೆಯ ಸೀರೆ ಹಿಡಿದುಕೊಂಡು ಒಳಗೆ ಬಂತು. ಕೊನೆಗೆ ಕಿಟಕಿ ಪಕ್ಕದಲ್ಲಿ ಉಣ್ಣುವುದನ್ನು ರೂಢಿ ಮಾಡಿಕೊಂಡೆ.

ಕಳೆದ ಬೇಸಿಗೆಯಲ್ಲಿ ಅತ್ತೆ ಮಗಳ ಹೊಸ ಮನೆಯ ಪೂಜೆಗೆ ಗಂಗಾವತಿಗೆ ಹೋದರು. ಹಿಂಡುವ ಕೆಲಸ ನನ್ನ ತಲೆಗೆ ಬಂತು. ನಮ್ಮ ಕಡೆ ಎಮ್ಮೆ ಒಬ್ಬರ ಕೈಗೆ ರೂಢಿಯಾಗಿದ್ದರೆ, ಅವರಿಲ್ಲದಾಗ ಹಿಂಡುವವರು ಅವರ ಸೀರೆ ಉಟ್ಟುಕೊಂಡು ಕೂರುತ್ತಾರೆ. ನಾನೂ ಅತ್ತೆಯ ಸೀರೆ ಉಟ್ಟೆ. ಆದರೆ ವಾಸನೆ ಹೋಗಲಿ ಎಂದು ಸೋಪು ಹಾಕಿ ತಿಕ್ಕಿ ಒಗೆದು ಉಟ್ಟೆ. ಎಮ್ಮೆ ತಿರುಗಿ ಮೂಸಿತು. ಬಕೀಟು ಒದೆಯಿತು. ಒಂದು ಹನಿ ಇಳಿಸಲಿಲ್ಲ. ಸಂಜೆಯೂ ಅದೇ ಕಥೆ. 'ನಾಳಿ ದಲಾಲಿಯವನ್ನ ಕರೀತೀನಿ' ಎಂದರು ಗಂಡ. ನಾನು ಅತ್ತೆಗೆ ಫೋನು ಮಾಡಿದೆ.

'ಎಣ್ಣಿ ಹಚ್ಚಿಕೊಂಡಿಯೇನು?' ಎಂದು ಕೇಳಿದರು.

'ನಾ ಯಾಕ ಹಚ್ಚಿಕೊಳ್ಳಲಿ ಅತ್ತಿ? ನನ್ನ ಕಾಲು ಛಲೋ ಅದಾವ.'

'ಕಾಲಿಗಲ್ಲವಾ, ಎಮ್ಮಿಗೆ. ಆ ವಾಸನಿ ಬಂದರ ಅದಕ್ಕ ನಾ ಬಂದಂಗ.'

ಮೂಗಿಗೆ ಸೆರಗು ಕಟ್ಟಿಕೊಂಡು, ಎರಡೂ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು ಕೂತೆ. ಹಾಲು ಸರಾಗ ಇಳಿಯಿತು. ದಲಾಲಿಯ ಮಾತು ಅಲ್ಲಿಗೆ ನಿಂತಿತು.

ಅತ್ತೆ ಮರಳಿ ಬಂದ ಮೇಲೆ ಹಿತ್ತಲಿನಲ್ಲಿ ನಾನೇ ವಿಷಯ ತೆಗೆದೆ. 'ಇನ್ನ ಈ ಎಣ್ಣಿ ಬಿಡ್ರಿ ಅತ್ತಿ. ಡಾಕ್ಟರಿಗೆ ಬ್ಯಾರೆ ಏನರ ಕೇಳೂಣು.'

ಅವರು ಮೇವಿನ ಗೋದಲಿ ಹಿಡಿದು ನಿಧಾನಕ್ಕೆ ಎದ್ದರು. ಮಗ ಮನೆಯಲ್ಲಿಲ್ಲ ಎಂದು ಖಾತ್ರಿ ಮಾಡಿಕೊಂಡು ಹೇಳಿದರು: 'ಇದರಿಂದ ನೋವು ಒಂದು ದಿನಾನೂ ಕಡಿಮಿ ಆಗಿಲ್ಲವ್ವಾ. ಹಚ್ಚಿಕೊಂಡು ಕುಂತರ ಗುಣ ಆಗೇತಿ ಅಂತ ನಿನ್ನ ಗಂಡ ತಿಳಕೋತಾನ. ಎಮ್ಮಿ ಮನ್ಯಾಗ ಉಳೀತೈತಿ.'

ಹುಬ್ಬಳ್ಳಿಯ ಡಾಕ್ಟರಿಗೆ ತೋರಿಸುವುದು, ಅಲ್ಲಿಯವರೆಗೆ ಎಮ್ಮೆಯನ್ನು ನಾನು ಹಿಂಡುವುದು ಎಂದು ಗೋದಲಿಯ ಹತ್ತಿರವೇ ಮಾತಾಯಿತು.

ಸಂಜೆ ಗಂಡ ಬೂಟು ಕಳಚುತ್ತಾ, 'ಅವ್ವನ ಕಾಲು ಹೆಂಗ ಅದಾವ?' ಎಂದು ಕೇಳಿದರು.

'ಎಣ್ಣಿ ಭಾಳ ಛಲೋ ಐತ್ರಿ,' ಎಂದೆ. 'ನಿಮ್ಮ ತಂಗಿಗೆ ಹೇಳಿ ದೊಡ್ಡ ಬಾಟ್ಲಿ ತರಸ್ರಿ.'